ಕೆರೆಯೆಂಬ ಸಂತಾನ: ಶಾಸನಗಳ ಪರಿಸರ ನೀತಿ ಮತ್ತು ನಾಳಿನವರ ಹಕ್ಕು

ಮುಂದಿನ ಪೀಳಿಗೆಗಳ ಬಗೆಗಿನ ಹೊಣೆಗಾರಿಕೆಯನ್ನು ಕುರಿತ ಇಂದಿನ ಚರ್ಚೆ ಸಾಮಾನ್ಯವಾಗಿ 1987ರ ಬ್ರಂಟ್‌ಲೆಂಡ್ ಆಯೋಗದ ವರದಿಯಿಂದ ಆರಂಭವಾಗುತ್ತದೆ. ನಾಳಿನವರ ಅಗತ್ಯಗಳಿಗೆ ಕುಂದು ಬಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳಬೇಕೆಂಬುದು ಆ ವರದಿ ರೂಪಿಸಿದ ಸುಸ್ಥಿರ ಅಭಿವೃದ್ಧಿಯ ಕಲ್ಪನೆ. ಈ ಕಲ್ಪನೆಯ ಮಹತ್ವವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕನ್ನಡ ನಾಡಿನಲ್ಲಿ ಇಂಥ ಹೊಣೆಯ ಚಿಂತನೆಯೇ ಇರಲಿಲ್ಲವೆಂಬ ಭಾವನೆ ಸರಿಯಲ್ಲ. ಇಲ್ಲಿನ ಕೆರೆಯ ಏರಿಗಳ ಮೇಲೆ, ದೇವಾಲಯಗಳ ಅಂಗಳದಲ್ಲಿ ನಿಂತಿರುವ ಶಾಸನಗಳು ಮುಖ್ಯವಾಗಿ ಭವಿಷ್ಯದವರನ್ನೇ ಉದ್ದೇಶಿಸಿ ಬರೆದವು. ರಾಜವಂಶಗಳ ಕಾಲನಿರ್ಣಯಕ್ಕೆ, ಭಾಷೆಯ ಚರಿತ್ರೆಗೆ ಅವುಗಳನ್ನು ಆಕರವಾಗಿ ಬಳಸಿದಷ್ಟು ನೀತಿಚಿಂತನೆಯ ಪಠ್ಯಗಳಾಗಿ ಓದಿದ್ದು ಕಡಿಮೆ.

ಈ ದೃಷ್ಟಿಯಿಂದ ಸಪ್ತಸಂತಾನದ ಪರಿಕಲ್ಪನೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ಪುತ್ರ, ಕೃತಿ, ನಿಧಿ, ದೇವಾಲಯ, ಅಗ್ರಹಾರ, ವನ, ತಟಾಕ ಇವು ಮನುಷ್ಯನು ಹಿಂದೆ ಬಿಟ್ಟುಹೋಗಬಹುದಾದ ಏಳು ಸಂತತಿಗಳು. ಕೆರೆಯನ್ನು ಇಲ್ಲಿ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯೆಂದು ಹೇಳಿಲ್ಲ, ಮಗುವೆಂದೇ ಕರೆದಿದೆ. ಆಸ್ತಿಯನ್ನು ಮಾರಬಹುದು, ಪಾಲು ಮಾಡಬಹುದು, ಸಂತಾನವನ್ನು ಪೋಷಿಸಬೇಕಾಗುತ್ತದೆ. ಕ್ರಿ.ಶ. 1369ರಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗಿರಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. 1,000 ಆಳುಗಳು ಮತ್ತು 100 ಬಂಡಿಗಳ ದುಡಿಮೆಯಿಂದ 2 ವರ್ಷಗಳಲ್ಲಿ ಕೆಲಸ ಮುಗಿಯಿತೆಂಬ ವಿವರವೂ ಅಲ್ಲಿದೆ. ತಾಂತ್ರಿಕ ಜ್ಞಾನವನ್ನೂ ಧರ್ಮವನ್ನೂ ಒಂದೇ ಕಲ್ಲಿನ ಮೇಲೆ ಮುಂದಿನವರಿಗೆ ಒಪ್ಪಿಸಿದ ದಾಖಲೆಯಿದು.

ದತ್ತಿಯ ವಿವರಗಳ ಬಳಿಕ ಬರುವ ಶಾಪಾಶಯವನ್ನು ಸಾಂಪ್ರದಾಯಿಕ ಸೂತ್ರವೆಂದು ಬದಿಗಿಡುವುದು ವಾಡಿಕೆ. ವಾಸ್ತವವಾಗಿ ಶಾಸನದ ನೈತಿಕ ಕೇಂದ್ರವಿರುವುದು ಅಲ್ಲಿಯೇ. ದಾನಕ್ಕಿಂತ ಪಾಲನೆ ಹಿರಿದು ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ತನ್ನ ವಂಶದವರಾಗಲಿ, ಅನ್ಯ ವಂಶದವರಾಗಲಿ, ಈ ಧರ್ಮವನ್ನು ಕಾಯುವ ಮುಂದಿನ ಅರಸರಿಗೆ ದಾನಿಯು ತಲೆಬಾಗುತ್ತಾನೆ. ಕೆಲವು ಪ್ರಾಚೀನ ಶಾಸನಗಳಲ್ಲಿ ಕವಿಲೆಯನ್ನು ಕೊಂದ ಪಾಪದ ಸಾಲಿನಲ್ಲೇ ಕೆರೆಯನ್ನೂ ಆರವೆಯನ್ನೂ ಅಳಿದ ಪಾಪ ನಿಲ್ಲುತ್ತದೆ. ಹೊಣೆಯನ್ನು ಕೇವಲ ಪಾಪಭಯಕ್ಕೆ ಬಿಡದೆ ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ದತ್ತಿಗಳ ಮೂಲಕ ಆರ್ಥಿಕ ವ್ಯವಸ್ಥೆಯನ್ನೂ ಮಾಡಲಾಗಿತ್ತು. ಕೆರೆಯಿಂದ ಬಂದ ಫಲದ ಒಂದು ಭಾಗ ಕೆರೆಯನ್ನು ಕಟ್ಟಿ ಕಾಯುವವರಿಗೇ ಮರಳಬೇಕೆಂಬುದು ಅದರ ತಿರುಳು.

ಇನ್ನೂ ಹುಟ್ಟದವರಿಗೆ ಹಕ್ಕು ಹೇಗಿರಲು ಸಾಧ್ಯ ಎಂಬುದು ಆಧುನಿಕ ನೀತಿಶಾಸ್ತ್ರದ ಕಠಿಣ ಪ್ರಶ್ನೆಗಳಲ್ಲೊಂದು. ಅವರು ಯಾರೆಂದು ತಿಳಿಯದು. ಅವರು ಪ್ರತಿಫಲ ಕೊಡಲಾರರು. ಜರ್ಮನ್ ಮೂಲದ ಚಿಂತಕ ಹ್ಯಾನ್ಸ್ ಯೋನಾಸ್ 1979ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದಕ್ಕೆ ಉತ್ತರವಾಗಿ ತಂದೆತಾಯಿ ಮತ್ತು ಶಿಶುವಿನ ಸಂಬಂಧವನ್ನು ಮುಂದಿಟ್ಟ. ಪ್ರತಿಫಲದ ನಿರೀಕ್ಷೆಯಿಲ್ಲದ ಹೊಣೆಗೆ ಅದೇ ಮೂಲಮಾದರಿಯೆಂದು ಅವನ ವಾದ. ಕೆರೆಯನ್ನು ಸಂತಾನವೆಂದ ಶಾಸನಪರಂಪರೆ ಇದಕ್ಕೆ ಹತ್ತಿರದ್ದು, ಆದರೂ ಒಂದು ಹೆಜ್ಜೆ ಮುಂದಿನದು. ಅನ್ಯ ವಂಶದವರಿಗೂ ಕೈಮುಗಿಯುವ ದಾನಿಯು ತನ್ನ ರಕ್ತಸಂಬಂಧದ ಆಚೆಗೆ, ಪ್ರಾಯಶಃ ತನ್ನ ಶತ್ರುವಿನ ಮೊಮ್ಮಕ್ಕಳ ತನಕ, ಹೊಣೆಯನ್ನು ವಿಸ್ತರಿಸುತ್ತಾನೆ. ಭವಿಷ್ಯದವರ ಗುರುತು ತಿಳಿಯದಿರುವುದು ಅವನಿಗೆ ತೊಡಕಾಗಿ ಕಾಣಲಿಲ್ಲ.

ಹಾಗೆಂದು ಪರಂಪರೆಯನ್ನು ವೈಭವೀಕರಿಸುವುದು ಅಪಾಯಕಾರಿ. ‘ಕೆರೆಗೆ ಹಾರ’ ಜನಪದ ಕಥನಗೀತೆಯ ಭಾಗೀರಥಿಯನ್ನು ಮರೆತು ಕೆರೆಯ ನೀತಿಯನ್ನು ಕುರಿತು ಮಾತನಾಡಲಾಗದು. ಊರಿನ ನಾಳೆಗಾಗಿ ಬಲಿಯಾದವಳು ಕಿರಿಯ ಸೊಸೆ. ಆ ನಿರ್ಧಾರದಲ್ಲಿ ಅವಳ ಮಾತಿಗೆ ಸ್ಥಾನವಿರಲಿಲ್ಲ. ಮಣ್ಣು ಹೊತ್ತ ವಡ್ಡರ ಹೆಸರುಗಳು ಶಾಸನಗಳಲ್ಲಿ ಅಪರೂಪ. ಕೋಲಾರ ಸೀಮೆಯಲ್ಲಿ ತೂಬು ತೆರೆದು ಗದ್ದೆ ಗದ್ದೆಗೆ ನೀರು ಹಂಚಿದ ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಅವರು ಹಂಚಿದ ನೀರಿನ ದೊಡ್ಡ ಪಾಲು ಹರಿದದ್ದು ಅನ್ಯರ ಭೂಮಿಗೆ. ಆದ್ದರಿಂದ ನಾಳಿನವರಿಗೆ ನ್ಯಾಯವೆಂಬ ಮಾತು ಇಂದಿನವರ ನಡುವಿನ ಅನ್ಯಾಯವನ್ನು ಮುಚ್ಚುವ ಹೊದಿಕೆಯಾಗಬಾರದು. ನಾಳೆಗಾಗಿ ತ್ಯಾಗ ಬೇಕೆನ್ನುವಾಗ ಆ ತ್ಯಾಗ ಯಾರದು ಎಂಬ ಪ್ರಶ್ನೆ ಮೊದಲು ಏಳಬೇಕು.

ಕೆರೆಯಿಂದ ಕೊಳವೆಬಾವಿಗೆ ಆದ ಸ್ಥಿತ್ಯಂತರವನ್ನು ಈ ಬೆಳಕಿನಲ್ಲಿ ನೋಡಬೇಕಾಗಿದೆ. ಕೆರೆಯ ನೀರು ಎಲ್ಲರ ಕಣ್ಣೆದುರಿಗಿರುತ್ತದೆ. ಹೂಳು ತುಂಬಿದರೆ, ಕೋಡಿ ಒಡೆದರೆ ಅದರ ಕಷ್ಟ ಅದೇ ಊರಿಗೆ, ಅದೇ ಕಾಲದವರಿಗೆ ತಟ್ಟುತ್ತದೆ. ಕೊಳವೆಬಾವಿಯ ನೀರು ಕಾಣದು. ಅದು ತರುವ ನಷ್ಟ ಪಕ್ಕದ ಹೊಲದವನಿಗೆ, ಮುಂದಿನ ತಲೆಮಾರಿಗೆ ವರ್ಗಾವಣೆಯಾಗುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ಬೆಳೆ ಉಳಿಸಿಕೊಳ್ಳಲು ಹೆಣಗುವ ಸಣ್ಣ ರೈತನನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಆದರೆ ನೀರೆತ್ತುವುದಕ್ಕೆ ನೆರವಿರುವಾಗ, ನೀರಿಂಗಿಸುವ ಕೆರೆಯನ್ನು ಕಾಯುವವನಿಗೆ ಅಂಥ ನೆರವಿಲ್ಲದಿರುವುದು ಬಿತ್ತುವಟ್ಟದ ತತ್ತ್ವಕ್ಕೆ ನೇರ ವಿರುದ್ಧವಾದುದು.

ನಗರದ ಚಿತ್ರವೂ ಭಿನ್ನವಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳ ಇಂದು ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿರುವುದು ಕಂಠೀರವ ಕ್ರೀಡಾಂಗಣ. ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆ ಉಕ್ಕಿತು, 2017ರಲ್ಲಿ ಬೆಂಕಿ ಹೊತ್ತಿತು. ಅದೇ ನಗರದ ಸಂಸ್ಕರಿಸಿದ ಕೊಳಚೆ ನೀರನ್ನು 2018ರಲ್ಲಿ ಆರಂಭವಾದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸಿತು. ಬರದಿಂದ ಬೆಂದ ಸೀಮೆಯಲ್ಲಿ ಕೆರೆ ತುಂಬಿದ ಸಂತೋಷ ಸಣ್ಣದಲ್ಲ. ಮೂರನೆಯ ಹಂತದ ಸಂಸ್ಕರಣೆಯೂ ಬೇಕೆಂಬ ಅಲ್ಲಿನ ಹೋರಾಟಗಾರರ ಒತ್ತಾಯವೂ ಅಷ್ಟೇ ನ್ಯಾಯವಾದುದು. ಇಂದಿನ ಬಾಯಾರಿಕೆ ನಾಳಿನ ಮಣ್ಣು ಮತ್ತು ಅಂತರ್ಜಲದ ಬೆಲೆಯಲ್ಲಿ ತೀರಬಾರದೆಂಬುದೇ ಆ ಒತ್ತಾಯದ ಸಾರ.

ನ್ಯಾಯಾಂಗ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. ನಿಸರ್ಗ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಧರ್ಮದರ್ಶಿ ಮಾತ್ರ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ ಕಮಲನಾಥ್ ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. 2014ರಲ್ಲಿ ಗೋವಾದ ಕಬ್ಬಿಣದ ಅದಿರಿನ ಮಾರಾಟದ ಹಣದಲ್ಲಿ ಶೇ. 10ರಷ್ಟನ್ನು ಪೀಳಿಗೆಗಳ ನಡುವಿನ ಸಮಾನತೆಗಾಗಿ ಶಾಶ್ವತ ನಿಧಿಯಲ್ಲಿ ಇರಿಸಬೇಕೆಂದು ಅದು ಆದೇಶಿಸಿತು. ಫಲದ ಒಂದು ಪಾಲು ಪಾಲನೆಗೆ ಮೀಸಲೆಂಬ ಬಿತ್ತುವಟ್ಟದ ವಿವೇಕವೇ ಇಲ್ಲಿ ಆಧುನಿಕ ಕಾನೂನಿನ ಭಾಷೆಯಲ್ಲಿ ಮರಳಿ ಬಂದಂತಿದೆ. ಕರ್ನಾಟಕದಲ್ಲಿ ಕೆರೆ ಸಂರಕ್ಷಣೆಗೆಂದೇ 2014ರ ಕಾಯ್ದೆಯೊಂದಿದೆ. ಆದರೆ ಒತ್ತುವರಿ ತೆರವಿನಷ್ಟಕ್ಕೆ ಹೊಣೆ ಮುಗಿಯದು. ಅಚ್ಚುಕಟ್ಟಿನ ಆದಾಯದ, ನಗರಗಳ ನೀರಿನ ಶುಲ್ಕದ ಒಂದು ಭಾಗ ಆಯಾ ಕೆರೆಯ ಪಾಲನೆಗೆ ನೇರವಾಗಿ ಸಲ್ಲಬೇಕು. ಆ ಪಾಲನೆಯ ಅಧಿಕಾರದಲ್ಲಿ ಭೂಹೀನರಿಗೂ ಮಹಿಳೆಯರಿಗೂ ಸಮಪಾಲು ದೊರೆಯಬೇಕು.

ಕನ್ನಡ ಅಧ್ಯಯನಕ್ಕೂ ಇಲ್ಲೊಂದು ಕರ್ತವ್ಯವಿದೆ. ಕೆರೆಯ ಏರಿ ಸಮತಟ್ಟಾಗುವಾಗ ಅದರ ಮೇಲಿನ ಕಲ್ಲೂ ಮಣ್ಣುಪಾಲಾಗುತ್ತದೆ. ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರು ಶಾಸನದ ಪಾಠವನ್ನಷ್ಟೇ ಅಲ್ಲದೆ ಅದು ಹೆಸರಿಸುವ ಕೆರೆ, ತೂಬು, ತೋಪುಗಳ ಇಂದಿನ ಸ್ಥಿತಿಯನ್ನೂ ದಾಖಲಿಸಿದರೆ ಆ ದಾಖಲೆ ಗ್ರಾಮ ಪಂಚಾಯಿತಿಗೂ ನ್ಯಾಯಾಲಯಕ್ಕೂ ಸಾಕ್ಷ್ಯವಾಗಬಲ್ಲದು. ಸೂರ್ಯಚಂದ್ರರಿರುವವರೆಗೆ ಈ ಧರ್ಮ ನಡೆಯಲೆಂದು ಆ ಕಲ್ಲುಗಳನ್ನು ಬರೆಸಿದವರು ಮುಂದಿನವರನ್ನು ನಂಬಿದ್ದರು. ಅವರು ನಂಬಿದ ಆ ಮುಂದಿನವರಲ್ಲಿ ಇಂದಿನ ತಲೆಮಾರೂ ಸೇರಿದೆ.