ತೋಟಕ್ಕೆ ಯಾವ ಗನ್? ಏರ್‌ಗನ್ ಬುಕ್ ಮಾಡೋ ಮೊದಲು ಈ ಲೆಕ್ಕ ಗೊತ್ತಿರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಗೊಬ್ಬರದಂಗಡಿ ಕಟ್ಟೆ ಮೇಲೆ, ಸೊಸೈಟಿ ಜಗಲಿಯಲ್ಲಿ ಅಡಿಕೆ ರೇಟು, ಎಲೆಚುಕ್ಕಿ ರೋಗದ ಮಾತು ಮುಗಿದ ಮೇಲೆ ಬರೋ ಪ್ರಶ್ನೆ ಒಂದೇ: "ಮಂಗ ಓಡ್ಸಕ್ಕೆ ಯಾವ ಗನ್ ತಗಳದು ಮಾರಾಯ?" ಕೇಳೋರು ಹೆಚ್ಚಾಗಿ ಹುಡುಗರು. ಬೆಂಗಳೂರು ಬಿಟ್ಟು ಊರಿಗೆ ಬಂದು ಅಪ್ಪನ ಜೊತೆ ತೋಟಕ್ಕಿಳಿದವರು. ಸಿಂಗಾರ ಕಿತ್ತು ಬಿಸಾಡಿದ್ದು, ಎಳೆಗಾಯಿ ಚೀಪಿ ಉದುರಿಸಿದ್ದು, ಬಾಳೆಗೊನೆ ಅರ್ಧಕ್ಕೆ ಮುರಿದು ಹೋಗಿದ್ದು ನೋಡಿ ಹೊಟ್ಟೆ ಉರಿದಿರುತ್ತೆ. ರಾತ್ರಿ ಮೊಬೈಲಲ್ಲಿ ವಿದೇಶದ ವಿಡಿಯೊ ನೋಡ್ತಾರೆ. ಅಲ್ಲಿ ರೈತ ಪಾಯಿಂಟ್ 22 ರೈಫಲ್ ಹಿಡಿದು ಮೊಲ ಹೊಡೆಯುತ್ತಾನೆ. ಬೆಳಗ್ಗೆ ಎದ್ದು ಆನ್‌ಲೈನಲ್ಲಿ ಏರ್‌ಗನ್ ಬುಕ್ ಮಾಡ್ತಾರೆ.

ಸಮಸ್ಯೆ ಶುರುವಾಗೋದು ಇಲ್ಲಿ. ಗನ್ ತಗೊಳ್ಳೋಕೆ ಲೈಸೆನ್ಸ್ ಬೇಡ ಅನ್ನೋದಕ್ಕೂ, ಪ್ರಾಣಿ ಹೊಡೆಯೋಕೆ ಅನುಮತಿ ಬೇಡ ಅನ್ನೋದಕ್ಕೂ ಅಜಗಜಾಂತರ ಇದೆ. ಮೊದಲನೆಯದನ್ನು ನೋಡೋದು ಶಸ್ತ್ರಾಸ್ತ್ರ ಕಾಯ್ದೆ 1959. ಎರಡನೆಯದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972. ಒಂದು ಪೊಲೀಸರ ಕೈಲಿ, ಇನ್ನೊಂದು ಅರಣ್ಯ ಇಲಾಖೆ ಕೈಲಿ. ಗನ್ ಮಾರೋರು ಮೊದಲನೆಯದನ್ನಷ್ಟೇ ಹೇಳ್ತಾರೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಅಳತೆ 4.5 ಮಿ.ಮೀ. ಅಂದರೆ ಪಾಯಿಂಟ್ 177 ಮೀರಬಾರದು, ಗುಂಡು ಬಾಯಿಂದ ಹೊರಡುವಾಗಿನ ಶಕ್ತಿ 20 ಜೂಲ್ ದಾಟಬಾರದು. ಎರಡೂ ಈ ಮಿತಿಯಲ್ಲಿದ್ದರೆ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಯಾವುದೊಂದು ಮೀರಿದರೂ ಬೇಕು. ಪಾಯಿಂಟ್ 22 ಏರ್‌ಗನ್ ಅಂತ ಮಾರೋದರ ನಳಿಗೆ 5.5 ಮಿ.ಮೀ. "ಏರ್‌ಗನ್ ತಾನೆ, ಏನಾಗುತ್ತೆ" ಅಂತ ಅದನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕೇಸು. ಹಾಗೇ ಪಾಯಿಂಟ್ 22 ಏರ್‌ಗನ್ ಬೇರೆ, ತೋಟಾ ಹಾಕಿ ಹೊಡೆಯುವ ಪಾಯಿಂಟ್ 22 ರೈಫಲ್ ಬೇರೆ. ನಂಬರ್ ಒಂದೇ ಇದೆ ಅಂತ ಗೊಂದಲ ಮಾಡಿಕೊಂಡವರು ಬಹಳ ಜನ. ಏರ್‌ಗನ್ ಮಾರುವ ಅಂಗಡಿಯವರೂ ಇದನ್ನು ಬಾಯಿಬಿಟ್ಟು ಹೇಳಿದರೆ ಒಳ್ಳೆಯದು. ತಗೊಂಡವರು ಬಿಲ್ಲು, ಅಳತೆ ಬರೆದಿರೋ ಪೆಟ್ಟಿಗೆ ಎರಡನ್ನೂ ಎತ್ತಿಡಬೇಕು. ಸ್ಟೇಷನ್‌ನಲ್ಲಿ ಕೇಳಿದರೆ ತೋರಿಸೋಕೆ ಬೇರೇನೂ ಇರಲ್ಲ.

ಸರಿ, 20 ಜೂಲ್ ಒಳಗಿನ ಏರ್‌ಗನ್ ಬಂತು. ಅದರ ಸೀಸದ ಗುಂಡಿನ ತೂಕ ಸುಮಾರು ಅರ್ಧ ಗ್ರಾಂ. ಹಂದಿಗೆ ಅದು ತಾಗಿದ್ದೂ ಗೊತ್ತಾಗಲ್ಲ. ಮಂಗಕ್ಕೆ ತಾಗಿದರೆ ಸಾಯೋದು ಅಪರೂಪ. ಕಣ್ಣು ಹೋಗುತ್ತೆ, ಹೊಟ್ಟೆಯೊಳಗೆ ಗುಂಡು ಉಳಿದು ಕೀವಾಗಿ ನಾಲ್ಕೈದು ದಿನ ನರಳುತ್ತೆ. ಕಾನೂನಿಗೆ ಇದೂ ಬೇಟೆಯೇ. ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲೋದು ಮಾತ್ರ ಅಲ್ಲ. ಗಾಯ ಮಾಡೋದು, ಉರುಳು ಹಾಕೋದು, ವಿಷ ಇಡೋದು ಎಲ್ಲ ಸೇರುತ್ತೆ. "ಸಾಯ್ಸಿಲ್ಲ ಸಾರ್, ಹೆದರ್ಸಿದ್ದು" ಅನ್ನೋ ಮಾತು ಅರಣ್ಯ ಇಲಾಖೆ ಮುಂದೆ ನಡೆಯಲ್ಲ.

ಮಂಗನ ವಿಷಯದಲ್ಲಿ 2022ರ ತಿದ್ದುಪಡಿ ಆದ ಮೇಲೆ ರೈತರ ಪಾಡು ಇನ್ನೂ ಬಿಗಿಯಾಗಿದೆ. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಇಲಿ, ಕಾಗೆ, ಬಾವಲಿ ಇದ್ದ 'ಉಪದ್ರವಿ' ಪಟ್ಟಿಯೇ ಬೇರೆ ಇತ್ತು. ಆ ಅನುಸೂಚಿಯನ್ನೇ ತೆಗೆದರು. ನಮ್ಮ ತೋಟಕ್ಕೆ ಬರೋ ಸಾಮಾನ್ಯ ಮಂಗ ಮೊದಲ ಅನುಸೂಚಿಗೆ ಏರಿತು. ಹುಲಿ, ಆನೆ ಇರೋ ಪಟ್ಟಿ ಅದು. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಇದು ಬರೀ ಕಾಗದದ ವ್ಯತ್ಯಾಸ ಅಲ್ಲ. ಎರಡನೇ ಅನುಸೂಚಿಯ ಪ್ರಾಣಿ ನಿಂತ ಬೆಳೆ ಹಾಳು ಮಾಡಿದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಹೊಡೆಯೋಕೆ ಅನುಮತಿ ಕೊಡಬಹುದು. 11ನೇ ಕಲಂ ಅಷ್ಟು ದಾರಿ ಬಿಟ್ಟಿದೆ. ಮೊದಲ ಅನುಸೂಚಿಗೆ ಆ ದಾರಿ ಇಲ್ಲ. ಮನುಷ್ಯನ ಪ್ರಾಣಕ್ಕೆ ಅಪಾಯ ಇರಬೇಕು, ಇಲ್ಲವೇ ಪ್ರಾಣಿ ಚೇತರಿಸಿಕೊಳ್ಳಲಾಗದಷ್ಟು ರೋಗಪೀಡಿತವಾಗಿರಬೇಕು. ಬೆಳೆ ಹೋಯ್ತು ಅನ್ನೋದು ಕಾರಣವೇ ಅಲ್ಲ. ಹೊಡೆದು ಸಿಕ್ಕಿಬಿದ್ದರೆ ಕಡಿಮೆ ಅಂದರೂ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಮೇಲೆ ದಂಡ. ನವಿಲಿಗೂ ಇದೇ ಶಿಕ್ಷೆ.

ಅಂದರೆ ಹುಡುಗರು ಯಾವ ಪ್ರಾಣಿಗಾಗಿ ಗನ್ ಹುಡುಕ್ತಾ ಇದ್ದಾರೋ ಆ ಪ್ರಾಣಿಗೆ ಯಾವ ಗನ್ನೂ ಕಾನೂನಿನ ಪ್ರಕಾರ ಸರಿಯಾದ್ದಲ್ಲ. ಇದನ್ನು ಜನಪ್ರತಿನಿಧಿಗಳು ವೇದಿಕೆ ಮೇಲೆ ನೇರವಾಗಿ ಹೇಳಲ್ಲ. ಕೇರಳ 2022ರಲ್ಲಿ ಕಾಡುಹಂದಿ ಹೊಡೆಸೋ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಮಂಗನನ್ನು ಮೊದಲ ಅನುಸೂಚಿಯಿಂದ ಕೆಳಗಿಳಿಸಿ ಅಂತ ಕೇಂದ್ರವನ್ನು ಕೇಳಿದ್ದೂ ಆ ರಾಜ್ಯವೇ. ನಮ್ಮಲ್ಲಿ ಹೊಸನಗರದ ಕಡೆ 'ಮಂಕಿ ಪಾರ್ಕ್' ಮಾಡ್ತೀವಿ ಅನ್ನೋ ಮಾತು ಒಂದಷ್ಟು ದಿನ ಜೋರಾಗಿ ಓಡಾಡಿತು. ಅಷ್ಟೇ.

ಮಲೆನಾಡಿಗೆ ಇನ್ನೊಂದು ಭಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬಿಟ್ಟಿಲ್ಲ. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಉಣುಗು ಕೆಳಗಿಳಿದು ಸುತ್ತ ಹರಡುತ್ತೆ. ತೋಟದಲ್ಲಿ ಹೊಡೆದು ಬೀಳಿಸಿ, ಹಳ್ಳದ ಬದಿಗೆ ಎಸೆದು, ನಾಳೆ ಅದೇ ಜಾಗದಲ್ಲಿ ಹೆಂಗಸರು ಅಡಿಕೆ ಹೆಕ್ಕೋಕೆ, ದರಗು ಗುಡಿಸೋಕೆ ಬಂದರೆ? ಮಂಗ ಹೇಗೇ ಸತ್ತಿರಲಿ, ಮುಟ್ಟದೆ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಹೇಳೋದೇ ಸರಿ.

ಇನ್ನು ನಿಜವಾದ ಕೋವಿಯ ವಿಚಾರ. ಬೆಳೆ ರಕ್ಷಣೆಗೆ ಮೊದಲ ಸಲ ಅರ್ಜಿ ಹಾಕೋರು ರೈಫಲ್ ಆಸೆ ಬಿಡೋದೇ ಒಳ್ಳೆಯದು. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆ ಅಂದ ತಕ್ಷಣ ಹೇಳೋದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಹಳೇ ಕೇಪಿನ ಕೋವಿ. ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ 20 ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ ತೋಟಾ ಕೋವಿ ಕೊಡಬಹುದು, ಸಾಮಾನ್ಯವಾಗಿ 12 ಬೋರಿನದ್ದು. ಪಾಯಿಂಟ್ 22 ರೈಫಲ್‌ನ ಹೆಸರು ಅದೇ ಕಲಂನಲ್ಲಿ ಬರೋದು ರೈಫಲ್ ಕ್ಲಬ್ಬಿನವರ ಗುರಿ ಅಭ್ಯಾಸಕ್ಕೆ ಅಂತ.

ಇಲ್ಲಿ ಕಾನೂನು ಹೇಳೋದು ನೆಲದ ಲೆಕ್ಕದಲ್ಲೂ ಸರಿಯಾಗೇ ಇದೆ. ಪಾಯಿಂಟ್ 22 ಸಣ್ಣ ಗುಂಡು ಅನ್ನಿಸಿದರೂ ಗಾಳಿಗೆ ಹಾರಿದರೆ ಒಂದೂವರೆ ಕಿಲೋಮೀಟರ್ ದಾಟುತ್ತೆ. ವಿಡಿಯೊದಲ್ಲಿ ಕಾಣೋ ಹೊಲ ಬಯಲು. ಗುಂಡು ತಪ್ಪಿದರೆ ಮಣ್ಣಿಗೆ ಬೀಳುತ್ತೆ. ನಮ್ಮದು ಕಣಿವೆ ತೋಟ. ಮೇಲೆ ಮರ ನೋಡಿ ಹೊಡೆದ ಗುಂಡು ಆಚೆ ದರೆ ಮೇಲಿನ ಮನೆ ಅಂಗಳಕ್ಕೆ ಹೋದರೆ ಯಾರು ಜವಾಬ್ದಾರಿ? ಸಣ್ಣ ಚರೆಯ ತೋಟಾ 30-40 ಮೀಟರ್ ಆಚೆ ಕೆಲಸಕ್ಕೆ ಬರಲ್ಲ, ಮುನ್ನೂರು ಮೀಟರಿನೊಳಗೆ ಬಿದ್ದೇ ಹೋಗುತ್ತೆ. ದಪ್ಪ ಚರೆ, ಒಂಟಿ ಗುಂಡು ಅದಕ್ಕಿಂತ ದೂರ ಹೋಗುತ್ತೆ, ಅದು ನೆನಪಿರಲಿ.

ಕೇಪಿನ ಕೋವಿಯೋ ತೋಟಾ ಕೋವಿಯೋ ಅಂದರೆ, ಆಯ್ಕೆ ಇದ್ದರೆ ಒಂಟಿನಳಿಗೆ ತೋಟಾ ಕೋವಿಯೇ ಮೇಲು. ಮಳೆಗಾಲದಲ್ಲಿ ಕೇಪಿನ ಕೋವಿ ಮದ್ದು ಥಂಡಿ ಹಿಡಿದು ಕೈಕೊಡುತ್ತೆ. ಅದಕ್ಕಿಂತ ದೊಡ್ಡ ತೊಂದರೆ, ತುಂಬಿದೆಯೋ ಖಾಲಿಯೋ ನೋಡಿದರೆ ಗೊತ್ತಾಗಲ್ಲ. ಅಪ್ಪ ತುಂಬಿಟ್ಟ ಕೋವಿಗೆ ಮಗ ಮತ್ತೆ ಮದ್ದು ಹಾಕಿ ಜಡಿದರೆ ನಳಿಗೆಯೇ ಸೀಳುತ್ತೆ. ತೋಟಾ ಕೋವಿಯನ್ನು ಮಡಚಿದರೆ ಒಳಗೇನಿದೆ ಕಣ್ಣಿಗೇ ಕಾಣುತ್ತೆ. ಅರ್ಜಿಯಲ್ಲಿ ಕೇಪಿನ ಕೋವಿ ಯಾಕೆ ಸಾಲಲ್ಲ ಅಂತ ಎರಡು ಸಾಲು ಬರೆಯೋದು ಇದಕ್ಕೇ ಮುಖ್ಯ. ಲೈಸೆನ್ಸ್ ಇಲ್ಲದ ನಾಡಕೋವಿ ಮಾತು ಎತ್ತಲೇಬಾರದು: 2019ರ ತಿದ್ದುಪಡಿಯಿಂದ ಅದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಅನ್ನೋರಿದ್ದಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ಆ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ. ಆದರೆ ಅದು ಕೋವಿ ಇಟ್ಟುಕೊಳ್ಳೋಕೆ. ಹಂದಿ ಹೊಡೆಯೋಕೆ ಅವರಿಗೂ ಅರಣ್ಯ ಇಲಾಖೆ ಅನುಮತಿ ಬೇಕು.

ಶಬ್ದ ಮಾಡಿ ಓಡಿಸೋದೇ ಉದ್ದೇಶ ಅಂತ ಪಿವಿಸಿ ಪೈಪಿನ ಕಾರ್ಬೈಡ್ ಗನ್ ತಂದವರೂ ಇದ್ದಾರೆ. 2025ರ ದೀಪಾವಳಿಯಲ್ಲಿ ಭೋಪಾಲ್ ಕಡೆ ಅದೇ ಗನ್ ಹಿಡಿದು ಎಷ್ಟೋ ಮಕ್ಕಳು ಕಣ್ಣು ಸುಟ್ಟುಕೊಂಡು ಆಸ್ಪತ್ರೆ ಸೇರಿದರು. ಹತ್ತಲಿಲ್ಲ ಅಂತ ಪೈಪಿನೊಳಗೆ ಬಗ್ಗಿ ನೋಡಿದಾಗಲೇ ಸಿಡಿಯುತ್ತೆ. ಮನೆಯಲ್ಲಿ ಮಕ್ಕಳಿದ್ದರೆ ಅದು ಬೇಡ. ಇಲಿ ಕಾಟಕ್ಕಂತೂ ಗನ್ ಮಾತೇ ಬೇಡ, ಬ್ರೊಮಾಡಿಯೊಲೋನ್ ಬಿಲ್ಲೆ ಸಾಕು.

ಈ ಎಲ್ಲದರ ನಡುವೆ ಯಾರೂ ಗಮನ ಕೊಡದ ಒಂದು ವಿಷಯ ಅಟ್ಟದ ಮೇಲಿದೆ. ತಾಲ್ಲೂಕಿನ ಎಷ್ಟೋ ಹಳೇ ಮನೆಗಳಲ್ಲಿ ಅಜ್ಜನ ಹೆಸರಿನ ಕೋವಿ ಇದೆ. ಅಜ್ಜ ಹೋದ ಮೇಲೆ ಲೈಸೆನ್ಸ್ ಯಾರೂ ನೋಡಿಲ್ಲ. ಆ ಕೋವಿ ಈಗ ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದ್ದು. ಮೊದಲು ಮಾಡಬೇಕಾದ್ದು, ಅದನ್ನು ಹತ್ತಿರದ ಸ್ಟೇಷನ್‌ಗೋ ಲೈಸೆನ್ಸ್ ಇರೋ ಕೋವಿ ಅಂಗಡಿಗೋ ಒಪ್ಪಿಸಿ ರಸೀತಿ ತಗೊಳ್ಳೋದು. ಆಮೇಲೆ ವಾರಸುದಾರರ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಅಜ್ಜ ಇನ್ನೂ ಗಟ್ಟಿಯಾಗಿದ್ದರೆ ಇನ್ನೂ ಸುಲಭ: ಲೈಸೆನ್ಸ್‌ದಾರನಿಗೆ 70 ವರ್ಷ ಆಗಿದ್ದರೆ, ಅಥವಾ ಕೋವಿ ಕೈಗೆ ಬಂದು 25 ವರ್ಷ ಆಗಿದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಕೊಡೋಕೆ 2016ರ ನಿಯಮದಲ್ಲಿ ಅವಕಾಶ ಇದೆ. ಹೊಸ ಕೋವಿಗೆ ದುಡ್ಡು ಸುರಿಯೋದಕ್ಕಿಂತ ಬಹಳ ಮನೆಗಳಿಗೆ ಇದೇ ಸರಿಯಾದ ಮೊದಲ ಕೋವಿ.

ಅರ್ಜಿ ಹೋಗೋದು ಜಿಲ್ಲಾಧಿಕಾರಿಗೆ. 21 ವರ್ಷ ತುಂಬಿರಬೇಕು. ಪಹಣಿ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವೈದ್ಯಕೀಯ ಸರ್ಟಿಫಿಕೇಟು, ಕೋವಿ ತರಬೇತಿ ಸರ್ಟಿಫಿಕೇಟು ಜೋಡಿಸಿ ಇಟ್ಟುಕೊಂಡರೆ ಓಡಾಟ ಕಡಿಮೆ. ಪೊಲೀಸ್ ವರದಿಗೇ ಹೆಚ್ಚು ದಿನ ಹಿಡಿಯೋದು. ಲೈಸೆನ್ಸ್ ಅವಧಿ ಈಗ 5 ವರ್ಷ. ವಿಧಾನಸಭೆ, ಲೋಕಸಭೆ ಚುನಾವಣೆ ಘೋಷಣೆ ಆಯ್ತು ಅಂದರೆ ಹೊಸ ಲೈಸೆನ್ಸ್ ನಿಲ್ಲುತ್ತೆ, ಇರೋ ಕೋವಿಯನ್ನೂ ಸ್ಟೇಷನ್‌ನಲ್ಲಿ ಇಡಿ ಅಂತ ಕರೆ ಬರುತ್ತೆ. ಬೆಳೆ ಕಾಯೋ ಹೊತ್ತಲ್ಲೇ ಅದು ಬಂದರೆ, ವಿನಾಯಿತಿ ಬೇಕು ಅಂತ ಸ್ಕ್ರೀನಿಂಗ್ ಸಮಿತಿಗೆ ಲಿಖಿತವಾಗಿ ಕೊಟ್ಟು ಹಿಂಬರಹ ಇಸ್ಕೊಳ್ಳಬೇಕು. ಬಾಯಲ್ಲಿ ಹೇಳಿ ಬಂದರೆ ದಾಖಲೆ ಇರಲ್ಲ.