ಡ್ರಿಲ್ ಮೇಷ್ಟ್ರು ಬರೆದಿಟ್ಟ ದಾಖಲೆ



ನಮ್ಮ ಸಭೆಗಳಲ್ಲಿ ಭೂಮಿ ಬಗ್ಗೆ ಮಾತಾಡ್ತೀವಿ, ಮೀಸಲಾತಿ ಬಗ್ಗೆ ಮಾತಾಡ್ತೀವಿ, ಹಾಸ್ಟೆಲ್ ಊಟದ ಬಗ್ಗೆ, ಸ್ಕಾಲರ್‌ಶಿಪ್ ಬಗ್ಗೆ ಮಾತಾಡ್ತೀವಿ. ಆಟದ ಮೈದಾನದ ಬಗ್ಗೆ ಮಾತಾಡಿದ್ದು ಎಷ್ಟು ಸಲ? ಆಟ ಅಂದ್ರೆ ಹೊಟ್ಟೆ ತುಂಬಿದವರ ಕಾಲಹರಣ ಅನ್ನೋ ಭಾವನೆ ನಮ್ಮೊಳಗೂ ಇದೆ. ಈ ಭಾವನೆ ತಪ್ಪು ಅಂತ ಇಡೀ ಬದುಕಿನುದ್ದಕ್ಕೂ ತೋರಿಸಿಕೊಟ್ಟ ಒಬ್ಬ ಮೇಷ್ಟ್ರ ಬಗ್ಗೆ ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ.

ಅವರ ಹೆಸರು ಎಡ್ವಿನ್ ಬ್ಯಾಂಕ್ರಾಫ್ಟ್ ಹೆಂಡರ್ಸನ್. 1883ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಗುಲಾಮಗಿರಿ ಕಾನೂನಿನಲ್ಲಿ ಹೋಗಿ 20 ವರ್ಷವೂ ಆಗಿರಲಿಲ್ಲ. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ. ಹೆಂಡರ್ಸನ್ ಶಿಕ್ಷಕರ ತರಬೇತಿ ಮುಗಿಸಿ, 1904ರ ಬೇಸಿಗೆಯಲ್ಲಿ ಹಾರ್ವರ್ಡ್‌ಗೆ ಹೋದರು. ಅಲ್ಲಿ ಡಡ್ಲಿ ಸಾರ್ಜೆಂಟ್ ಅನ್ನೋ ವೈದ್ಯ ದೈಹಿಕ ಶಿಕ್ಷಣವನ್ನು ಒಂದು ಶಾಸ್ತ್ರದ ಹಾಗೆ ಕಲಿಸ್ತಿದ್ದರು. ಆ ತರಬೇತಿ ಮುಗಿಸಿಕೊಂಡು ಬಂದ ಹೆಂಡರ್ಸನ್, ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಕಲಿಸುವ ಅರ್ಹತೆ ಪಡೆದ ಮೊದಲ ಕಪ್ಪು ಗಂಡಸು ಆದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಡ್ರಿಲ್ ಮೇಷ್ಟ್ರು.

ಹಾರ್ವರ್ಡ್‌ನಲ್ಲಿ ಅವರು ಕಲಿತ ಹೊಸ ಆಟ ಬಾಸ್ಕೆಟ್‌ಬಾಲ್. ಆ ಆಟ ಹುಟ್ಟಿದ್ದೇ ವೈಎಂಸಿಎ ಸಂಸ್ಥೆಯೊಳಗೆ, 1891ರಲ್ಲಿ. ಆದರೆ 1907ರಲ್ಲಿ ವಾಷಿಂಗ್ಟನ್ನಿನ ಬಿಳಿಯರ ವೈಎಂಸಿಎಗೆ ಹೆಂಡರ್ಸನ್ ಹೋದಾಗ ಅವರನ್ನು ಹೊರಗೆ ಕಳಿಸಿದರು. ಅದೇ ಆಟ ಕಲಿತು, ಅದನ್ನೇ ಕಲಿಸೋ ಮೇಷ್ಟ್ರಿಗೆ ಆಟ ನಡೆಯೋ ಜಾಗದಲ್ಲಿ ನಿಲ್ಲೋಕೂ ಹಕ್ಕಿಲ್ಲ. ಕೆರೆ ಹೂಳೆತ್ತಿದವರಿಗೇ ಕೆರೆ ನೀರು ಮುಟ್ಟೋ ಹಾಗಿಲ್ಲ ಅನ್ನೋದು ನಮಗೆ ಹೊಸದೇನಲ್ಲ ಬಿಡಿ.

ಅವರು ವಾಪಸ್ ಬಂದು ಏನು ಮಾಡಿದ್ರು ಅನ್ನೋದು ಮುಖ್ಯ. ಅಳುತ್ತಾ ಕೂರಲಿಲ್ಲ. ತಮ್ಮದೇ ಜನರ ನಡುವೆ ಆಟದ ಇಡೀ ವ್ಯವಸ್ಥೆ ಕಟ್ಟಿದರು. 1906ರಲ್ಲೇ ಕಪ್ಪು ಶಾಲೆಗಳ ನಡುವಿನ ಕ್ರೀಡಾ ಸಂಘ ಶುರುವಾಗಿತ್ತು, ಅದನ್ನು ಹುಟ್ಟುಹಾಕಿದವರಲ್ಲಿ ಇವರೂ ಒಬ್ಬರು. ಕಪ್ಪು ರೆಫರಿಗಳನ್ನು ತಯಾರು ಮಾಡಿದರು, ಯಾಕಂದ್ರೆ ತೀರ್ಪು ಕೊಡೋ ಸೀಟಿ ಯಾರ ಬಾಯಲ್ಲಿದೆ ಅನ್ನೋದು ಆಟದಷ್ಟೇ ದೊಡ್ಡ ವಿಷಯ. ಬಾಸ್ಕೆಟ್‌ಬಾಲ್ ಲೀಗ್ ನಡೆಸಿದರು. ಕಪ್ಪು ಜನರ 12ನೇ ಬೀದಿ ವೈಎಂಸಿಎ ತಂಡದಲ್ಲಿ ತಾವೇ ಆಡಿದರು; ಆ ತಂಡ 1909–10ರಲ್ಲಿ ಒಂದೂ ಪಂದ್ಯ ಸೋಲಲಿಲ್ಲ. 1910ರಲ್ಲಿ ವಾಷಿಂಗ್ಟನ್ನಿನ ಕಪ್ಪು ಸರ್ಕಾರಿ ಶಾಲೆಗಳಿಗೇ ಒಂದು ಕ್ರೀಡಾ ಲೀಗ್ ಕಟ್ಟಿದರು. 1925ರಿಂದ 1954ರವರೆಗೆ ನಗರದ ಕಪ್ಪು ಶಾಲೆಗಳ ದೈಹಿಕ ಶಿಕ್ಷಣ ವಿಭಾಗಕ್ಕೆ ಅವರೇ ಮುಖ್ಯಸ್ಥರು.

ಇಷ್ಟಕ್ಕೇ ನಿಂತಿದ್ರೆ ಅವರೊಬ್ಬ ಒಳ್ಳೇ ಮೇಷ್ಟ್ರು ಅನ್ನಿಸಿಕೊಳ್ತಿದ್ರು. ನನಗೆ ಅವರು ಮುಖ್ಯ ಆಗೋದು ಬರವಣಿಗೆಯಿಂದ.

1910ರಿಂದ 1913ರವರೆಗೆ ಕಪ್ಪು ಶಾಲಾ ಕ್ರೀಡಾ ಸಂಘದ ಕೈಪಿಡಿಗಳು ಬಂದವು. ಅದರ ಸಂಪಾದಕರಲ್ಲಿ ಹೆಂಡರ್ಸನ್ ಒಬ್ಬರು. ಯಾವ ಶಾಲೆ, ಯಾವ ತಂಡ, ಯಾರು ಗೆದ್ದರು, ಆಟಗಾರರ ಫೋಟೋ, ಎಲ್ಲಾ ಅದರಲ್ಲಿದೆ. ಬಿಳಿಯರ ಪತ್ರಿಕೆಗಳು ಕಣ್ಣೆತ್ತಿ ನೋಡದ ಹುಡುಗರ ಹೆಸರುಗಳು ಅಚ್ಚಾಗಿ ಉಳಿದವು. ಆಮೇಲೆ 1939ರಲ್ಲಿ 'ದಿ ನೀಗ್ರೋ ಇನ್ ಸ್ಪೋರ್ಟ್ಸ್' ಅನ್ನೋ ಪುಸ್ತಕ ಬರೆದರು. ಅಮೆರಿಕದ ಕಪ್ಪು ಕ್ರೀಡಾಪಟುಗಳ ಚರಿತ್ರೆಯನ್ನು ಒಂದೆಡೆ ತಂದ ಮೊದಲ ದೊಡ್ಡ ಪ್ರಯತ್ನ ಅದು. ಅದನ್ನು ಪ್ರಕಟಿಸಿದ್ದು ಕಾರ್ಟರ್ ವುಡ್ಸನ್ ಅವರ ಪ್ರಕಾಶನ. ಕಪ್ಪು ಜನರ ಚರಿತ್ರೆಯನ್ನು ಕಪ್ಪು ಜನರೇ ಬರೀಬೇಕು ಅಂತ ಹಟ ಹಿಡಿದವರು ಅವರು. ಇದರ ಜೊತೆಗೆ ಹೆಂಡರ್ಸನ್ ಪತ್ರಿಕೆಗಳಿಗೆ ಬರೆದ, ಅಚ್ಚಾದ ಪತ್ರಗಳೇ 3,000ಕ್ಕೂ ಹೆಚ್ಚು. ಕು ಕ್ಲಕ್ಸ್ ಕ್ಲಾನ್‌ನವರಿಂದ ಬೆದರಿಕೆ ಬಂತು. ಪತ್ರ ನಿಲ್ಲಲಿಲ್ಲ.

ಮೈದಾನದ ಹೊರಗಿನ ಹೋರಾಟವೂ ಇತ್ತು. 1915ರಲ್ಲಿ ವರ್ಜೀನಿಯಾದ ಫಾಲ್ಸ್ ಚರ್ಚ್ ಅನ್ನೋ ಊರಿನಲ್ಲಿ ಕಪ್ಪು ಜನ ಇಂಥ ಭಾಗದಲ್ಲಿ ಮಾತ್ರ ಇರಬೇಕು ಅಂತ ಊರಾಡಳಿತ ನಿಯಮ ತಂತು. ಊರಾಚೆಗೆ ಒಂದು ಕೇರಿ ಅಂತ ತಿಳ್ಕೊಳ್ಳಿ. ಹೆಂಡರ್ಸನ್ ಆಗ ಅದೇ ಊರಲ್ಲಿದ್ದರು. ಜೋಸೆಫ್ ಟಿನ್ನರ್ ಮತ್ತಿತರರ ಜೊತೆ ಸೇರಿ ಅದರ ವಿರುದ್ಧ ಸಂಘಟನೆ ಕಟ್ಟಿದರು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ನಿಯಮಗಳು ಸಂವಿಧಾನಬಾಹಿರ ಅಂತ ಇನ್ನೊಂದು ಊರಿನ ಕೇಸಿನಲ್ಲಿ ತೀರ್ಪು ಕೊಟ್ಟಿತು. 1918ರಲ್ಲಿ ಫಾಲ್ಸ್ ಚರ್ಚ್‌ನ ಈ ಸಂಘಟನೆ, ಎನ್‌ಎಎಸಿಪಿಯ ಮೊದಲ ಗ್ರಾಮೀಣ ಶಾಖೆ ಆಯಿತು. ನೆನಪಿರಲಿ, ಇದೇ 1913ರಿಂದ 1916ರವರೆಗೆ ನಮ್ಮ ಬಾಬಾಸಾಹೇಬರು ಅದೇ ದೇಶದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದರು. ಹೆಂಡರ್ಸನ್ ಲೇಖನ ಬರೆದ 'ದಿ ಕ್ರೈಸಿಸ್' ಪತ್ರಿಕೆಯ ಸಂಪಾದಕ ಡುಬಾಯ್ಸ್ ಅವರಿಗೆ ಬಾಬಾಸಾಹೇಬರು 1946ರಲ್ಲಿ ಪತ್ರ ಬರೆದಿದ್ದೂ ದಾಖಲೆಯಲ್ಲಿದೆ. ಜಾತಿಯೂ ಜನಾಂಗವೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಹೊರಗಿಡೋರ ಕಸುಬು ಎಲ್ಲಾ ಕಡೆ ಒಂದೇ ಥರ ಇರುತ್ತೆ.

ಈಗ ಒಂದು ತಕರಾರಿನ ವಿಷಯ. ಹಿರಿಯರನ್ನು ಪೂಜೆ ಮಾಡೋದು ನಮ್ಮ ಪರಂಪರೆ ಅಲ್ಲ, ಅವರ ಜೊತೆ ವಾದ ಮಾಡೋದು ನಮ್ಮ ಪರಂಪರೆ.

1930ರ ದಶಕದಲ್ಲಿ ಜೆಸ್ಸಿ ಓವೆನ್ಸ್ ಥರದವರು ಗೆಲ್ಲೋಕೆ ಶುರು ಮಾಡಿದಾಗ ಬಿಳಿಯರು ಹೊಸ ರಾಗ ತೆಗೆದರು: ಕಪ್ಪು ಜನರ ಮೂಳೆಯೇ ಬೇರೆ, ಸ್ನಾಯುವೇ ಬೇರೆ, ಅದಕ್ಕೇ ಓಡ್ತಾರೆ ಅಂತ. ಹೆಂಡರ್ಸನ್ ಈ ಮೂಳೆ ಮಾತನ್ನು ಒಪ್ಪಲಿಲ್ಲ. ಆದರೆ 1936ರ ಲೇಖನವೊಂದರಲ್ಲಿ, ಗುಲಾಮರ ಹಡಗಿನ ನರಕ ದಾಟಿ ಬದುಕಿದವರು ಗಟ್ಟಿಗರೇ ಇರಬೇಕು, ಆ ಕಸುವು ಮುಂದಿನವರಿಗೂ ಬಂದಿರಬಹುದು ಅನ್ನೋ ಅರ್ಥದ ಮಾತು ಬರೆದರು. ಇಲ್ಲಿ ಅವರು ಎಡವಿದರು ಅಂತ ನನ್ನ ಅಭಿಪ್ರಾಯ. ಅವಮಾನಕ್ಕೆ ಉತ್ತರವಾಗಿ ಹೆಮ್ಮೆ ಹುಡುಕಿದ್ದು ಅರ್ಥ ಆಗುತ್ತೆ. ಆದರೆ ರಕ್ತದ ಮಾತಿಗೆ ರಕ್ತದಿಂದಲೇ ಉತ್ತರ ಕೊಟ್ಟರೆ ಗೆಲ್ಲೋದು ಅವರೇ. ಅದೇ ವರ್ಷ ಸರಿಯಾದ ಉತ್ತರ ಕೊಟ್ಟವರು ಹೊವಾರ್ಡ್ ವಿಶ್ವವಿದ್ಯಾಲಯದ ಕಪ್ಪು ವಿಜ್ಞಾನಿ ಮಾಂಟೆಗ್ಯು ಕಾಬ್. ಅವರು ಓವೆನ್ಸ್ ಅವರ ಕಾಲನ್ನೇ ಅಳತೆ ಮಾಡಿ, ಜನಾಂಗದ ಗುರುತು ಅಂತ ಹೇಳೋ ಲಕ್ಷಣ ಇಲ್ಲಿಲ್ಲ, ಗೆಲುವಿಗೆ ಕಾರಣ ತರಬೇತಿ ಮತ್ತು ಛಲ ಅಂತ ತೋರಿಸಿದರು. ಕಾಬ್ ಓದಿದ್ದು ವಾಷಿಂಗ್ಟನ್ನಿನ ಡನ್‌ಬಾರ್ ಹೈಸ್ಕೂಲಿನಲ್ಲಿ, ಅಂದರೆ ಹೆಂಡರ್ಸನ್ ಬದುಕಿಡೀ ದುಡಿದ ಅದೇ ಕಪ್ಪು ಶಾಲೆಗಳ ವ್ಯವಸ್ಥೆಯಲ್ಲಿ.

ಇದು ನಮಗೆ ಯಾಕೆ ಬೇಕು? ಯಾಕಂದ್ರೆ ರಕ್ತದ ರಾಗ ಇಲ್ಲೂ ಇದೆ. ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಗೆ ಆರಿಸಿದರು. ಆಫ್ರಿಕಾ ಮೂಲದವರು, ಪದಕ ತಂದೇ ತರ್ತಾರೆ ಅನ್ನೋ ಲೆಕ್ಕ. ಕೆಲವೇ ವರ್ಷಕ್ಕೆ ಯೋಜನೆ ಕೈಬಿಟ್ಟರು, ಮಕ್ಕಳು ವಾಪಸ್ ಕಾಡಂಚಿನ ಊರುಗಳಿಗೆ. ರಕ್ತ ನಂಬಿ ಕರೆತಂದವರು ಮಕ್ಕಳ ಬದುಕಿಗೆ ಹೊಣೆ ಹೊರಲಿಲ್ಲ.

ಗೆದ್ದರೆ ಹುಟ್ಟು ಕಸುವು, ಸೋತರೆ ಹುಟ್ಟು ಜಾತಿ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಂದನಾ ಕಟಾರಿಯಾ ಹ್ಯಾಟ್ರಿಕ್ ಗೋಲು ಹೊಡೆದರು, ಒಲಿಂಪಿಕ್ಸ್‌ನಲ್ಲಿ ಹಾಗೆ ಮಾಡಿದ ಭಾರತದ ಮೊದಲ ಹೆಣ್ಣುಮಗಳು. ಕೆಲವೇ ದಿನದಲ್ಲಿ ತಂಡ ಸೆಮಿಫೈನಲ್ ಸೋತಾಗ ಹರಿದ್ವಾರದ ಹತ್ತಿರದ ಅವರ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು.

ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಚಮ್ಮಾರ ಕುಲದ ಸ್ಪಿನ್ ಬೌಲರ್. ಪುಣೆಯಲ್ಲಿ ಮೈದಾನ ನೋಡಿಕೊಳ್ಳೋ ಕೆಲಸದಿಂದ ಮೇಲೆ ಬಂದು, 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದರು. ಮೈದಾನದಲ್ಲಿ ಅವರ ಕೈಯಿಂದ ಬಂದ ಚೆಂಡು ಎಲ್ಲರೂ ಮುಟ್ಟಬಹುದು, ಟೀ ಮಾತ್ರ ಬೇರೆ ಮಣ್ಣಿನ ಲೋಟದಲ್ಲಿ. ತಂಡದ ನಾಯಕತ್ವ ಕೊನೆವರೆಗೂ ಕೊಡಲಿಲ್ಲ. ಆ ಕಾಲದಲ್ಲಿ ಬಾಳೂಗೆ ಒಬ್ಬ ಹೆಂಡರ್ಸನ್ ಇರಲಿಲ್ಲ. ಅವರ ಹಿಂದೆ ಇನ್ನೆಷ್ಟು ಹುಡುಗರು ಬೌಲಿಂಗ್ ಮಾಡ್ತಿದ್ದರೋ, ಯಾರೂ ಬರೆದಿಡಲಿಲ್ಲ.

ನಾನು ಓದಿದ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಅಂದ್ರೆ ನಮ್ಮ ಕೇರಿ ಮಕ್ಕಳಿಗೆ ಮೈದಾನದ ಕಲ್ಲು, ಮುಳ್ಳು ಆರಿಸೋ ಕೆಲಸ. ವಾಲಿಬಾಲ್ ನೆಟ್ ಕಟ್ಟಿದ ಮೇಲೆ ಆಡೋರು ಬೇರೆ. ಇದನ್ನು ಓದ್ತಿರೋ ಎಷ್ಟೋ ಜನಕ್ಕೆ ಇದು ತಮ್ಮದೇ ಶಾಲೆ ಅನ್ನಿಸಬಹುದು.

ಅದಕ್ಕೇ ಮೂರು ಮಾತು.

ಒಂದು, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳ ಬೇಡಿಕೆ ಪಟ್ಟಿಯಲ್ಲಿ ಅಕ್ಕಿ, ಹಾಸಿಗೆ, ಪುಸ್ತಕದ ಜೊತೆ ಮೈದಾನವನ್ನೂ ಸೇರಿಸೋಣ. ಹೆಂಡರ್ಸನ್‌ಗೆ ದೈಹಿಕ ಶಿಕ್ಷಣ ಅಂದ್ರೆ ಪದಕ ಮಾತ್ರ ಅಲ್ಲ, ಇಕ್ಕಟ್ಟಿನ ಓಣಿಗಳಲ್ಲಿ ಬೆಳೆಯೋ ಮಕ್ಕಳ ಆರೋಗ್ಯ. ನಮ್ಮ ಮಕ್ಕಳಿಗೂ ಅಷ್ಟೇ.

ಎರಡು, ನಮ್ಮಲ್ಲಿ ಬಿ.ಪಿ.ಎಡ್., ಎಂ.ಪಿ.ಎಡ್. ಮಾಡಿದ ತಮ್ಮ ತಂಗಿಯರು ತುಂಬಾ ಜನ ಇದ್ದಾರೆ. ಅವರನ್ನು ಸಭೆಗೆ ಕರೆದು ಬರೀ ಪೆಂಡಾಲ್ ಕಟ್ಟಿಸಬೇಡಿ, ಮಾತಾಡಿಸಿ. ಖಾಲಿ ಹುದ್ದೆ ತುಂಬಿ ಅನ್ನೋ ಹೋರಾಟ ಅವರೊಬ್ಬರದೇ ಅಲ್ಲ.

ಮೂರು, ಬರೆದಿಡಿ. ನಿಮ್ಮ ತಾಲ್ಲೂಕಿನಲ್ಲಿ ಕಬಡ್ಡಿ ಆಡಿದವರು, ಕುಸ್ತಿ ಹಿಡಿದವರು, ಓಡಿ ಗೆದ್ದು ಮನೆಗೆ ಬಂದು ಕೂಲಿಗೆ ಹೋದವರು, ಅವರ ಹೆಸರು, ಊರು, ಇಸವಿ, ಫೋಟೋ. ಹಳೇ ಸರ್ಟಿಫಿಕೇಟು ಟ್ರಂಕಿನಲ್ಲಿ ಗೆದ್ದಲು ಹಿಡಿಯೋ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.

ಹೆಂಡರ್ಸನ್ 1977ರಲ್ಲಿ ತೀರಿಕೊಂಡರು. ಬಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2013ರಲ್ಲಿ, ಸತ್ತು 36 ವರ್ಷ ಆದ ಮೇಲೆ. ಅಷ್ಟು ತಡವಾಗಿಯಾದರೂ ಸೇರಿತಲ್ಲ, ಅದಕ್ಕೆ ಅವರ ಮನೆಯವರು ಬಿಡದೆ ಹಿಡಿದ ಹಟ ಕಾರಣ, ಅವರೇ ಬರೆದಿಟ್ಟ ಕಾಗದ ಕಾರಣ. ಕಾಗದ ಇಲ್ಲದಿದ್ರೆ ಯಾವ ಸಾಕ್ಷಿ ಹಿಡಿದು ಕೇಳ್ತಿದ್ರು?

ನಿಮ್ಮೂರಿನ ಒಬ್ಬ ಆಟಗಾರ ಅಥವಾ ಆಟಗಾರ್ತಿಯ ಹೆಸರು, ಅವರು ಒಪ್ಪಿದರೆ, ಅವರ ಆಟದ ಕಥೆ ಸಮೇತ ಈ ವಾರದೊಳಗೆ ಬರೆದು ಹಾಕಿ. ನಾನು ಒಂದೆಡೆ ಸೇರಿಸ್ತಾ ಹೋಗ್ತೀನಿ.

ಜೈ ಭೀಮ್.