ಬೆಂಕಿಯುಂಡೆಯೂ ಬದುಕಿಸುವ ಮಂತ್ರವೂ

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಲ್ಲೇ ಕಥೆ ಕಟ್ಟುವ 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಮಂತ್ರಗಾರರಲ್ಲಿ ಯಾರು ಬಲಶಾಲಿ ಎಂದು ಆಡುವವರನ್ನು ಕೇಳಿ ನೋಡಿ. ಪುಸ್ತಕ ಓದಿ ಮಂತ್ರ ಕಲಿತ 'ವಿಜರ್ಡ್' ಎನ್ನುವವರೇ ಹೆಚ್ಚು. ದೈವಭಕ್ತಿಯಿಂದ ಮಂತ್ರ ಪಡೆದ 'ಕ್ಲೆರಿಕ್'? ಗಾಯಕ್ಕೆ ಮದ್ದು ಹಚ್ಚುವವಳು, ಅಷ್ಟೆಯಂತೆ!

ಆ 'ಅಷ್ಟೆ'ಗೇ ನನ್ನ ತಕರಾರು. 2014ರ ನಿಯಮಪುಸ್ತಕವನ್ನೇ ತೆಗೆಯಿರಿ. ಐದನೆಯ ಹಂತಕ್ಕೆ ಬಂದ ವಿಜರ್ಡ್ ಬೆಂಕಿಯುಂಡೆ ಎಸೆಯಬಲ್ಲ. ಎಂಟು ದಾಳಗಳಷ್ಟು ಪೆಟ್ಟು. ಅದೇ ಹಂತದ ಕ್ಲೆರಿಕ್, ಸತ್ತು ಒಂದು ನಿಮಿಷ ಮೀರದವರನ್ನು ಎಬ್ಬಿಸಿ ಕೂರಿಸಬಲ್ಲಳು. 300 ಚಿನ್ನದ ನಾಣ್ಯ ಬೆಲೆಯ ವಜ್ರ ಖರ್ಚಾಗುತ್ತದೆ, ನಿಜ. ಆದರೆ ಎರಡೂ ಮೂರನೆಯ ದರ್ಜೆಯ ಮಂತ್ರಗಳೇ. ವಿಜರ್ಡನ ಪಟ್ಟಿಯಲ್ಲಿ ಈ ಬದುಕಿಸುವ ಮಂತ್ರವೇ ಇಲ್ಲ. ಮೇಲಾಗಿ ಅವನಿಗೆ ಕವಚ ತೊಟ್ಟ ಅಭ್ಯಾಸವಿಲ್ಲ. ಅವಳು ಕವಚ ತೊಟ್ಟು, ಗುರಾಣಿ ಹಿಡಿದು ನಿಲ್ಲುತ್ತಾಳೆ.

ವಿಜರ್ಡ್ ಕೈಲಾಗದವನೆಂದು ನಾನು ಹೇಳುತ್ತಿಲ್ಲ. ಹಾರುವುದು, ಮಾಯವಾಗುವುದು, ಅವನಿಗೆ ಬರುವಷ್ಟು ಬಗೆಯ ವಿದ್ಯೆ ಅವಳಿಗೆ ಬಾರದು. ಆದರೆ ಬಿದ್ದವರು ಎದ್ದರೆ ತಾನೆ ಆಟ ಮುಂದುವರಿಯುವುದು? ಸುಟ್ಟದ್ದನ್ನು ಎಲ್ಲರೂ ಎಣಿಸುತ್ತಾರೆ, ಕಾಪಾಡಿದ್ದನ್ನು ಯಾರೂ ಎಣಿಸುವುದಿಲ್ಲ. ಈ ಲೆಕ್ಕ ನಮ್ಮ ಮನೆಗಳಿಗೂ ಹೊಸದಲ್ಲವಲ್ಲ!